ಶರಣಮ್ಮನ ಇಬ್ಬರು ಫಕೀರರು

"ಹುಡುಗರ ಆಟಕ್ಕ ಮನಿ ಬಿಟ್ಟು ಹೋಗ್ತೀನಿ ಅಂತೀಯಲ್ಲ ಗದ್ದೆಮ್ಮ, ನಿನ್ನ ತಲಿ ನೆಟ್ಟಗದ ಏನು? ಬಾಗಲಾ ತೆರದದ, ನೀ ಬೇಕಾದ್ರ ಹೋಗು. ಹುಡುಗೀನ ಕರ್ಕೊಂಡು ಹೊಂಟಿ ಅಂದ್ರ ಮಾತ್ರ ನಿನ್ನ ಕಾಲು ಮುರೀತೀನಿ."

ಶರಣಮ್ಮನ ದನಿ ಹಿತ್ತಲು ದಾಟಿ, ಅಕ್ಕಿ ಗಿರಣಿಯ ಸದ್ದನ್ನೂ ದಾಟಿ, ಅಲ್ಲಿ ಭತ್ತದ ಚೀಲಗಳ ತೂಕ ನೋಡುತ್ತಿದ್ದ ಗಂಡ ವಿರೂಪಣ್ಣನ ಕಿವಿಗೆ ಬಿತ್ತು. ವಿರೂಪಣ್ಣ ತಲೆ ಎತ್ತಲಿಲ್ಲ. ಹೆಂಡತಿಗೆ ಸಿಟ್ಟು ಬಂದಾಗ ಗಿರಣಿಯಲ್ಲಿ ಕೆಲಸ ಜಾಸ್ತಿ ಇರುತ್ತದೆ ಎಂಬುದನ್ನು ಅವನು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದ.

"ನನ್ನ ಮೊಮ್ಮಗಳನ್ನ ನಾ ಕರ್ಕೊಂಡು ಹೋಗಾಕ ನಿಮ್ಮ ಅಪ್ಪಣಿ ಬೇಕೇನ್ರಿ ಅವ್ವಾರೆ?" ಗದ್ದೆಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಬಚ್ಚಲ ಕಲ್ಲಿನ ಮೇಲೆ ಕುಕ್ಕಿದಳು. "ಆಟ ಅಂತೀರಿ. ಆ ಆಟ ನೀವು ನೋಡೀರೇನು? ನಾ ನೋಡೀನಿ."

ಗದ್ದೆಮ್ಮ ನೋಡಿದ್ದು ಇಷ್ಟು. ಪೀರಲ ಹಬ್ಬಕ್ಕೆಂದು, ಅಂದರೆ ಮೊಹರಮ್ಮಿಗೆಂದು, ರಾಯಚೂರಿನಿಂದ ಬಂದಿದ್ದ ಶರಣಮ್ಮನ ಮೊಮ್ಮಗಳು ಅನುರಾಧಾ, ಮತ್ತು ಗದ್ದೆಮ್ಮನ ಮೊಮ್ಮಗಳು ಸವಿತಾ, ಇಬ್ಬರೂ ಒಂದೇ ವಯಸ್ಸಿನವರು, ಹಿತ್ತಲಲ್ಲಿ ಗಿರಣಿ ಆಟ ಆಡುತ್ತಿದ್ದರು. ಅನು ಬೇವಿನ ನೆರಳಿನಲ್ಲಿ ಖಾಲಿ ಚೀಲದ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಸಾವ್ಕಾರ ಆಗಿದ್ದಳು. ಸವಿತಾ ಹಮಾಲಿ. ಗೋಡೆ ಕಟ್ಟಿ ಉಳಿದ ಇಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ಬಿಸಿಲಲ್ಲಿ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿದ್ದಳು. ಹುಡುಗಿಯ ಮುಖ ಕೆಂಪಾಗಿತ್ತು. ನೆರಳಿಗೆ ಹೋಗಿ ಆಡಿರಿ ಎಂದು ಗದ್ದೆಮ್ಮ ಕೂಗಿದಾಗ ಅನು ಬಹಳ ಮುದ್ದಾಗಿ, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದ್ದಳು: "ಗದ್ದೆಮ್ಮಾ, ಇವರಿಗೆ ಬಿಸಿಲು ಹತ್ತಂಗಿಲ್ಲ."

ಅದು ಗದ್ದೆಮ್ಮನಿಗೆ ನಾಟಲಿಲ್ಲ. ಸಾವ್ಕಾರರ ಮನೆಯ ಕೂಸು, ಅದಕ್ಕೇನು ಗೊತ್ತು ಎಂದು ನಕ್ಕು ಬಿಡುತ್ತಿದ್ದಳು. ಆದರೆ ಸವಿತಾ ಬೆನ್ನ ಮೇಲಿನ ಇಟ್ಟಿಗೆ ಇಳಿಸದೆ, ಬೆವರು ಒರೆಸಿಕೊಳ್ಳುತ್ತ, "ಹೂಂ ಯವ್ವಾ, ನಮಗ ಹತ್ತಂಗಿಲ್ಲ" ಎಂದಳು. ಅದು ನಾಟಿತು.

ಸವಿತಾ ಈ ಮನೆಗೆ ಬಂದು ಒಂದು ತಿಂಗಳಾಗಿತ್ತು. ಅವಳ ಅಪ್ಪ, ಗದ್ದೆಮ್ಮನ ಮಗ ತಿರುಪತಿ, ಅವ್ವ ಯಶೋಧಾ ಇಬ್ಬರೂ ಊರೂರು ತಿರುಗಿ ಕಟ್ಟಡದ ಕೆಲಸ ಮಾಡುವವರು. ಹುಡುಗಿಯನ್ನು ದೇವದುರ್ಗದ ಕಡೆ ಗಬ್ಬೂರಿನಲ್ಲಿ ನೆರೆಹೊರೆಯವರ ಕೈಯಲ್ಲಿ ಬಿಟ್ಟು ಹೋಗುತ್ತಿದ್ದರು. ಗದ್ದೆಮ್ಮ ಮಾತ್ರ ಗಂಡ ಸತ್ತಾಗಿನಿಂದ ಮಾನ್ವಿಯಲ್ಲಿ, ಶರಣಮ್ಮನ ಗಿರಣಿಯ ಗೋಡೆಗೆ ಹತ್ತಿದ ಒಂದು ಖೋಲಿಯಲ್ಲಿ ಇದ್ದಳು. ಪಾತ್ರೆ, ಬಟ್ಟೆ, ಕಸ, ಎಲ್ಲ ಅವಳದೇ. ಶರಣಮ್ಮನ ಹೆರಿಗೆಯಲ್ಲಿ ಬಿಸಿನೀರು ಕಾಸಿದವಳೂ ಅವಳೇ, ಶರಣಮ್ಮನ ಬಾಯಿಂದ ದಿನಕ್ಕೊಂದು ಸಲ ಬೈಸಿಕೊಳ್ಳುವವಳೂ ಅವಳೇ. ಬೈದ ಮೇಲೆ ಶರಣಮ್ಮ ಚಹಾ ಕುಡಿಯುವಾಗ ಗದ್ದೆಮ್ಮ ಎದುರಿಗೆ ಇರಬೇಕು. ಇಲ್ಲದಿದ್ದರೆ ಚಹಾಕ್ಕೆ ಸಕ್ಕರೆ ಕಮ್ಮಿ ಎಂದು ಇನ್ನೊಂದು ಜಗಳ ಶುರುವಾಗುತ್ತಿತ್ತು.

ಹುಡುಗಿಯನ್ನು ಇಲ್ಲಿಗೇ ತಂದು ಸಾಲಿಗೆ ಹಚ್ಚೋಣ ಎಂದವಳು ಶರಣಮ್ಮ. ಗದ್ದೆಮ್ಮ ಹೂಂ ಅನ್ನಲು ಹಿಂದೆಮುಂದೆ ನೋಡಿದ್ದಳು. ಶರಣಮ್ಮ ಬಿಡಲಿಲ್ಲ. ತಾನೇ ಹೋಗಿ ಐದನೆಯ ಇಯತ್ತೆಗೆ ಹೆಸರು ಹಚ್ಚಿಸಿದಳು, ಎರಡು ಜೊತೆ ಬಟ್ಟೆ ಹೊಲಿಸಿದಳು. ಮಲಗಲು ಖೋಲಿಯಲ್ಲಿ ಅಲ್ಲ, ಮನೆಯ ಒಳಗೆ, ತನ್ನ ಮಂಚದ ಪಕ್ಕದಲ್ಲೇ ಹಾಸಿಗೆ ಹಾಕಿಸಿದಳು. ದಿನಾ ಮುಂಜಾನೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದಳು. ಸವಿತಾ ಸಂಜೆ ಪೇಪರು ಓದಿ ಹೇಳುತ್ತಿದ್ದಳು. ಮಾತು ತಡವರಿಸುತ್ತಿರಲಿಲ್ಲ, ಓದು ಸ್ವಚ್ಛ. ಇವಳನ್ನು ಮಾಸ್ತರಾಣಿ ಮಾಡಿಯೇ ತೀರುತ್ತೇನೆ ಎಂದು ಶರಣಮ್ಮ ಬಂದವರಿಗೆಲ್ಲ ಹೇಳಿಕೊಂಡಿದ್ದಳು. ಹೇಳಿಕೊಳ್ಳುವಾಗ ಸ್ವಲ್ಪ ಜಂಬವೂ ಇತ್ತು, ಅದನ್ನು ಇಲ್ಲ ಎನ್ನಲಾಗದು. ಆದರೆ ರಾತ್ರಿ ಹುಡುಗಿಯ ಹೊದಿಕೆ ಸರಿದರೆ ಎದ್ದು ಹೊದಿಸುವಾಗ ನೋಡುವವರು ಯಾರೂ ಇರುತ್ತಿರಲಿಲ್ಲ.

ಅಂಥ ಹುಡುಗಿಯನ್ನು ಈಗ ಗದ್ದೆಮ್ಮ ವಾಪಸು ಗಬ್ಬೂರಿಗೆ ಒಯ್ಯುತ್ತೇನೆ ಎನ್ನುತ್ತಾಳೆ. ತಾನೂ ಇಲ್ಲಿಯ ಕೆಲಸ ಬಿಟ್ಟು ಅಲ್ಲೇ ಇರುತ್ತಾಳಂತೆ. ಹತ್ತಿ ಹೊಲದಲ್ಲಿ ಕಳೆ ತೆಗೆದು ಹೊಟ್ಟೆ ಹೊರೆಯುತ್ತಾಳಂತೆ, ಈ ವಯಸ್ಸಿನಲ್ಲಿ.

ಶರಣಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಉಸಿರು ತೆಗೆದುಕೊಂಡಳು. ಸಿಟ್ಟು ಇಳಿದಾಗ ಅವಳಿಗೆ ಉಪಾಯ ಹೊಳೆಯುತ್ತಿತ್ತು. ಈಗಲೂ ಹೊಳೆಯಿತು.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಇಬ್ಬರು ಹುಡುಗಿಯರಿಗೂ ಡೆಂಗಿ ಜ್ವರ ಬಂದು ರಾಯಚೂರಿನಲ್ಲಿ ಮಲಗಿದ್ದರು. ಅನು ಖಾಸಗಿ ದವಾಖಾನೆಯ ಬೇರೆ ಕೋಣೆಯಲ್ಲಿ, ಸವಿತಾ ಸರ್ಕಾರಿ ದೊಡ್ಡ ದವಾಖಾನೆಯ ವಾರ್ಡಿನಲ್ಲಿ. ಶರಣಮ್ಮ ತನ್ನ ತವರು ಹಿರೇಕೊಟ್ನೆಕಲ್ಲಿನ ಪೀರಲ ದೇವರಿಗೆ ಹರಕೆ ಹೊತ್ತಿದ್ದಳು, ಕೂಸು ಎದ್ದು ಓಡಾಡಿದರೆ ಹಬ್ಬದಲ್ಲಿ ಫಕೀರರ ವೇಷ ಹಾಕಿಸಿ ಐದು ಮನೆ ಬೇಡಿಸುತ್ತೇನೆ ಎಂದು. ಹೊತ್ತ ಗಳಿಗೆಯಲ್ಲೇ ಗದ್ದೆಮ್ಮನ ಮುಖ ನೆನಪಾಗಿ, ಇಬ್ಬರನ್ನೂ ಬೇಡಿಸುತ್ತೇನೆ ಎಂದು ತಿದ್ದಿಕೊಂಡಿದ್ದಳು. ಹೋದ ವರ್ಷ ಅನುವಿನ ಅಪ್ಪ, ಅಂದರೆ ಮಗ ಮಲ್ಲೇಶ, ಪರೀಕ್ಷೆಯ ನೆಪ ಹೇಳಿ ತಪ್ಪಿಸಿದ್ದ. ಈ ಸಲ ಕಳಿಸಿದ್ದ, ಆದರೆ ಮಗಳು ಭಿಕ್ಷೆ ಬೇಡುವ ಫೋಟೋ ಯಾರೂ ವಾಟ್ಸಾಪಿಗೆ ಹಾಕಬಾರದು ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದ.

ಶರಣಮ್ಮ ಗದ್ದೆಮ್ಮನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು. ನಾಳೆ ಇಬ್ಬರಿಗೂ ಒಂದೇ ಬಟ್ಟೆಯ ಥಾನಿನಿಂದ ಹರಿದು ಹೊಲಿಸಿದ ಹಸಿರು ಅಂಗಿ ಹಾಕುತ್ತೇನೆ, ಕೊರಳಿಗೆ ಒಂದೇ ಥರದ ಲಾಡಿ ದಾರ ಕಟ್ಟಿಸುತ್ತೇನೆ, ಒಂದೇ ನಮೂನೆಯ ಜೋಳಿಗೆ ಕೊಡುತ್ತೇನೆ, ಫಕೀರನಾದವನಿಗೆ ಸಾವ್ಕಾರ ಇಲ್ಲ ಹಮಾಲಿ ಇಲ್ಲ, ನನ್ನ ಮೊಮ್ಮಗಳ ತಲೆಯಲ್ಲಿರುವ ಹುಳ ನಾಳೆ ಸಂಜೆಗೆ ಇಳಿಯದಿದ್ದರೆ ನನ್ನನ್ನು ಕೇಳು ಎಂದಳು.

"ನೀನೂ ಬಾ. ಕಣ್ಣಾರೆ ನೋಡು. ನೋಡಿದ ಮ್ಯಾಲೂ ಹೋಗ್ತೀನಿ ಅಂದ್ರ ನಾ ತಡಿಯಂಗಿಲ್ಲ."

ಗದ್ದೆಮ್ಮ ಎದ್ದು ಬೇವಿನ ಬುಡದಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ಗೋಡೆಗೆ ಒಟ್ಟಿದಳು. "ಆತ್ರಿ. ನೋಡಿ ಹೇಳ್ತೀನಿ," ಎಂದಳು.

ಮರುದಿನ ಮುಂಜಾನೆ ಗಿರಣಿಯ ಜೀಪಿನಲ್ಲಿ ಹೊರಟರು. ನಾಲ್ಕು ಹನಿ ಬಿದ್ದು ಹೋದ ಮಳೆ ಮತ್ತೆ ಮುಖ ತೋರಿಸಿರಲಿಲ್ಲ, ಬಿಸಿಲು ಬೇಸಿಗೆಯದೇ ಇತ್ತು. ಹಿರೇಕೊಟ್ನೆಕಲ್ಲಿನ ಆಲಾಯಿ, ಅಂದರೆ ಪೀರಲ ದೇವರ ಮುಂದಿನ ಬೆಂಕಿ ಕುಣಿಯ ಕಟ್ಟೆಯ ಹತ್ತಿರ ಲೋಬಾನದ ಹೊಗೆ ತುಂಬಿತ್ತು. ಹಲಗೆ ಬಾರಿಸುವವರು ಹಲಗೆ ಕಾಸುತ್ತಿದ್ದರು. ದೇವರು ಹಿಡಿಯುವ ಲಾಲಸಾಬ ಮುದುಕ ಶರಣಮ್ಮನನ್ನು ಕಂಡ ಕೂಡಲೇ, ಬಾ ಮಗಳೇ, ಎರಡು ವರ್ಷದ ಬಾಕಿ ತೀರಿಸಲು ಈಗ ಬಂದೆಯಾ ಎಂದು ಚೇಷ್ಟೆ ಮಾಡಿದ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೊರಳಿಗೆ ಲಾಡಿ ಹಾಕಿದ, ಹಣೆಗೆ ಊದಿ ಬಳಿದ, ನವಿಲುಗರಿಯಿಂದ ತಲೆ ಸವರಿದ. ಚಪ್ಪಲಿ ಬಿಡಬೇಕು, ಕೊಟ್ಟದ್ದನ್ನು ಬೇಡ ಅನ್ನಬಾರದು, ಯಾರ ಮನೆ ಎಂದು ಕೇಳಬಾರದು ಎಂದು ಫಕೀರರ ನೇಮ ಹೇಳಿದ.

ಹಸಿರು ಅಂಗಿ ಮೊಣಕಾಲಿನ ತನಕ ಇತ್ತು. ಊದಿ ಬಳಿದ ಮೇಲೆ ಇಬ್ಬರ ಮುಖವೂ ಒಂದೇ ಬೂದಿಬಣ್ಣವಾಯಿತು. ದೂರದಿಂದ ನೋಡಿದರೆ ಯಾರು ಯಾರು ಎಂದು ಶರಣಮ್ಮನಿಗೇ ಗುರುತು ಸಿಗುತ್ತಿರಲಿಲ್ಲ. ಅವಳು ಗದ್ದೆಮ್ಮನ ಕಡೆ ತಿರುಗಿ ಗೆದ್ದವಳ ಹಾಗೆ ಹುಬ್ಬು ಹಾರಿಸಿದಳು. ಗದ್ದೆಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮೊದಲ ಮನೆ ಶರಣಮ್ಮನ ಅಣ್ಣನದು. ಅತ್ತಿಗೆ ಪಾರ್ವತೆಮ್ಮನಿಗೆ ಶರಣಮ್ಮ ಹಿಂದಿನ ದಿನವೇ ಫೋನು ಮಾಡಿ ತಾಕೀತು ಮಾಡಿದ್ದಳು. ಪಾರ್ವತೆಮ್ಮ ಇಬ್ಬರ ಕಾಲಿಗೂ ನೀರು ಹಾಕಿದಳು, ಇಬ್ಬರ ಜೋಳಿಗೆಗೂ ಮೊರದಲ್ಲಿ ಜೋಳ ಸುರಿದಳು, ಇಬ್ಬರಿಗೂ ಚೋಂಗೆ ಕೊಟ್ಟಳು. ಬೆಲ್ಲ ಹಚ್ಚಿದ ಆ ಗೋಧಿ ರೊಟ್ಟಿಯನ್ನು ಅನು ನಿಂತಲ್ಲೇ ಅರ್ಧ ತಿಂದಳು. ಬೇಡಿದ್ದನ್ನು ದೇವರಿಗೆ ತೋರಿಸದೆ ತಿನ್ನಬಾರದು ಎಂದು ಸವಿತಾ ಅವಳಿಗೆ ಕಣ್ಣು ಬಿಟ್ಟಳು. ಉಳಿದರ್ಧವನ್ನು ಅನು ಗಾಬರಿಯಲ್ಲಿ ಜೋಳಿಗೆಗೆ ತುರುಕಿದಳು. ಹೆಂಗಸರು ನಕ್ಕರು.

ಎರಡನೆಯ ಮನೆಯಲ್ಲಿ ಮಾತ್ರ ಒಂದು ಸಣ್ಣ ತೊಡಕಾಯಿತು. ಅನು ಜಿಗಿದು ಕಟ್ಟೆ ಹತ್ತಿದಳು, ಸವಿತಾ ಕೆಳಗೇ ನಿಂತಳು. ಯಾರೂ ನಿಲ್ಲು ಎಂದಿರಲಿಲ್ಲ. ಕಾಲು ತಾನಾಗಿಯೇ ಅಲ್ಲಿಗೆ ನಿಂತಿತ್ತು. ಶರಣಮ್ಮ ಅವಳ ರಟ್ಟೆ ಹಿಡಿದು ಮೇಲೆ ಹತ್ತಿಸಿ, ಇವತ್ತು ನಿನಗಿಂತ ದೊಡ್ಡವರು ಈ ಊರಲ್ಲಿ ಯಾರೂ ಇಲ್ಲ, ತಿಳಿಯಿತೋ ಎಂದು ಗದರಿದಳು. ಸವಿತಾ ತಲೆ ಆಡಿಸಿದಳು. ಆಮೇಲಿನ ಮನೆಗಳಲ್ಲಿ ಅವಳೇ ಮುಂದೆ.

ಹೊತ್ತೇರಿತು. ಊರೊಳಗಿನ ಸಿಮೆಂಟ್ ರಸ್ತೆ ಹಂಚಿನ ಹಾಗೆ ಕಾಯ್ದಿತ್ತು. ಅನುವಿಗೆ ಬರಿಗಾಲಲ್ಲಿ ನಡೆದು ರೂಢಿ ಇಲ್ಲ. ಹತ್ತು ಹೆಜ್ಜೆ ನಡೆದವಳು ಕುಣಿಯತೊಡಗಿದಳು. ಎತ್ತಿಕೋ ಎಂದು ಅಜ್ಜಿಗೆ ಕೈ ಚಾಚಿದಳು. ಫಕೀರರನ್ನು ಎತ್ತಿಕೊಳ್ಳುವ ರೂಢಿ ಇಲ್ಲ ಎಂದು ಶರಣಮ್ಮ ಹುಸಿ ಸಿಟ್ಟು ತೋರಿಸಿದಳು. ಅಷ್ಟರಲ್ಲಿ ಸವಿತಾಳೂ ತುದಿಗಾಲಲ್ಲಿ ಓಡಿಹೋಗಿ ಒಂದು ಗೋಡೆಯ ನೆರಳಿನ ಪಟ್ಟಿಯಲ್ಲಿ ನಿಂತು ಪಾದ ಉಜ್ಜಿಕೊಂಡಳು. ಅನು ಅವಳ ಪಕ್ಕಕ್ಕೆ ಹೋಗಿ ನಿಂತಳು. ಅವಳ ಕಾಲು ನೋಡಿದಳು, ತನ್ನ ಕಾಲು ನೋಡಿದಳು.

"ನಿನಗೂ ಸುಡ್ತದ ಏನು?"

"ಸುಡ್ತದ."

"ಮತ್ತ ನಿನ್ನೆ ಹತ್ತಂಗಿಲ್ಲ ಅಂದಿ?"

"ನೀ ಅಂದಿ ಅಂತ ಅಂದೆ."

ಅನು ಬಗ್ಗಿ ತನ್ನ ಪಾದದ ಅಡಿ ಮುಟ್ಟಿ ನೋಡಿಕೊಂಡಳು. ಆಮೇಲೆ, ಹಾಗಾದರೆ ಇಟ್ಟಿಗೆ ಹೊತ್ತಾಗ ಭಾರವೂ ಆಗುತ್ತಿತ್ತೇ ಎಂದು ಕೇಳಿದಳು. ಆಗುತ್ತಿತ್ತು ಎಂದಳು ಸವಿತಾ. ಗಿರಣಿಯ ಹಮಾಲಿ ತಾಯಣ್ಣನಿಗೂ ಆಗುತ್ತದೆಯೇ ಎಂದಳು ಅನು. ಸವಿತಾ ಅದನ್ನು ಯೋಚನೆ ಮಾಡಿ, ಆಗಬಹುದು, ರಾತ್ರಿ ಅವನ ಹೆಂಡತಿ ಅವನ ಬೆನ್ನು ತುಳಿಯುತ್ತಾಳೆ ಎಂದಳು. ಅನುವಿನ ಕಣ್ಣು ದೊಡ್ಡವಾದವು. ರಾಯಚೂರಿನ ಅವರ ಅಪಾರ್ಟ್‌ಮೆಂಟಿನಲ್ಲಿ ಗ್ಯಾಸ್ ಸಿಲಿಂಡರು ಹೊತ್ತು ಮೂರನೆಯ ಮಹಡಿಗೆ ಬರುವ ಅಣ್ಣನ ಬೆನ್ನು ಯಾರು ತುಳಿಯುತ್ತಾರೆ ಎಂದು ಅವಳಿಗೆ ಹೊಸ ಚಿಂತೆ ಹತ್ತಿತು. ಇಬ್ಬರೂ ಕೈ ಹಿಡಿದುಕೊಂಡು ನೆರಳಿನಿಂದ ನೆರಳಿಗೆ ಓಡತೊಡಗಿದರು.

ಶರಣಮ್ಮನ ಎದೆ ಉಬ್ಬಿತು. "ಕೇಳಿದಿ ಏನ ಬೇ? ನಾ ಏನು ಹೇಳಿದ್ದೆ?" ಎಂದು ಗದ್ದೆಮ್ಮನ ಪಕ್ಕೆಗೆ ತಿವಿದಳು. ಗದ್ದೆಮ್ಮನೂ ಹಗುರಾಗಿದ್ದಳು. ಹೌದ್ರಿ ಅವ್ವಾರೆ, ನೀವು ಹೇಳಿದ ಹಾಗೇ ಆಯಿತು ಎಂದು ಒಪ್ಪಿಕೊಂಡಳು. ಹೋಗುವ ಮಾತು ಅಲ್ಲಿಗೆ ಮುಗಿಯಿತು ಎಂದೇ ಇಬ್ಬರೂ ತಿಳಿದರು. ದಾರಿಯುದ್ದಕ್ಕೂ ಸವಿತಾಳಿಗೆ ಚಳಿಗಾಲಕ್ಕೆ ಯಾವ ಬಣ್ಣದ ಸ್ವೆಟರು ತರಬೇಕು ಎಂದು ಮಾತಾಡಿಕೊಂಡರು.

ಐದನೆಯ ಮನೆ ಯಾವುದು ಎಂದು ಜೊತೆಗೆ ಬಂದಿದ್ದ ಪಾರ್ವತೆಮ್ಮ ಕೇಳಿದಾಗ ಶರಣಮ್ಮ ಅದೇ ಖುಷಿಯಲ್ಲಿ ಹೇಳಿದಳು, ಕೂಲಿಯವರ ಓಣಿಗೆ ಹೋಗೋಣ, ಗದ್ದೆಮ್ಮನ ಅಕ್ಕ ತಾಯಮ್ಮನ ಮನೆಗೆ. ಶರಣಮ್ಮ ಹುಟ್ಟಿ ಬೆಳೆದ ಊರಾದರೂ ಆ ಓಣಿಗೆ ಅವಳು ಕಾಲಿಟ್ಟದ್ದು ಕಡಿಮೆ. ಪಾರ್ವತೆಮ್ಮ ಕಣ್ಣರಳಿಸಿದಳು.

ತಾಯಮ್ಮನಿಗೆ ಕೈಕಾಲು ಆಡದಂತಾಯಿತು. ಸಾವ್ಕಾರತಿ ತನ್ನ ಬಾಗಿಲಿಗೆ ಬಂದಿದ್ದಾಳೆ, ಜೊತೆಗೆ ಇಬ್ಬಿಬ್ಬರು ಫಕೀರರು. ಒಳಗಿನಿಂದ ಕಂಬಳಿ ತಂದು ಬಾಗಿಲ ಪಕ್ಕದ ಕಲ್ಲಿನ ಕಟ್ಟೆಯ ಒಂದು ಕಡೆ ಹಾಸಿದಳು. ಫಕೀರರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಬ್ಬಕ್ಕೆಂದು ಬೆಲ್ಲದ ಪಾನಕ ಮಾಡಿದ್ದಳು, ಏಲಕ್ಕಿ ಹಾಕಿ, ಹೊಸ ಮಣ್ಣಿನ ಗಡಿಗೆಯಲ್ಲಿಟ್ಟು ತಣ್ಣಗೆ ಮಾಡಿದ್ದಳು. ಅನು ಕಂಬಳಿಯ ಮೇಲೆ ಕುಳಿತು ಒಂದು ಲೋಟ ಒಂದೇ ಉಸಿರಿಗೆ ಕುಡಿದು, ಮೂತಿ ಒರೆಸಿಕೊಂಡು, ಇನ್ನೊಂದು ಕೊಡು ಎಂದು ಲೋಟ ಚಾಚಿದಳು. ತಾಯಮ್ಮ ನಗುತ್ತ ಮತ್ತೆ ತುಂಬಿದಳು. ಶರಣಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಕೊಟ್ಟ ಲೋಟ ತೆಗೆದುಕೊಂಡು ತಾನೂ ಒಂದು ಗುಟುಕು ಕುಡಿದಳು. ಚೆನ್ನಾಗಿತ್ತು.

ಸವಿತಾ ಇನ್ನೂ ಕುಳಿತಿರಲಿಲ್ಲ.

ಕಂಬಳಿಯಲ್ಲಿ ಜಾಗ ಇತ್ತು. ಅವಳು ಕಂಬಳಿಯನ್ನು ನೋಡಿದಳು, ಮುಟ್ಟಲಿಲ್ಲ. ಬಾಗಿಲ ಹತ್ತಿರ ನೀರಿನ ಬಕೀಟಿನ ಮೇಲೆ ಇದ್ದ ಚೊಂಬು ತೆಗೆದುಕೊಂಡಳು. ಕಟ್ಟೆಯ ಬರಿಗಲ್ಲಿನ ಮೇಲೆ ಒಂದಿಷ್ಟು ನೀರು ಹಾಕಿ, ಅಂಗೈಯಿಂದ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ತಳ್ಳಿದಳು. ಕೈ ಝಾಡಿಸಿಕೊಂಡಳು. ತನ್ನ ಜೋಳಿಗೆಯ ಒಣ ತುದಿಯನ್ನು ಹಾಸಿ ಅದರ ಮೇಲೆ ತುದಿಯಲ್ಲಿ ಕುಳಿತಳು. ತಾಯಮ್ಮ ಪಾನಕದ ಲೋಟ ಹಿಡಿದು ಬಂದಾಗ ಕೈ ಚಾಚಲಿಲ್ಲ.

"ಬ್ಯಾಡ. ನಾವು ಎಲ್ಲಾರ ಮನ್ಯಾಗ ಕುಡ್ಯಂಗಿಲ್ಲ."

ದನಿ ಹುಡುಗಿಯದು, ಮಾತಿನ ಏರಿಳಿತ ಶರಣಮ್ಮನದು. ಬಹಳ ಸಭ್ಯವಾಗಿ, ಬಹಳ ಮೆತ್ತಗೆ, ಎದುರಿಗಿನವರಿಗೆ ಬೇಸರ ಆಗಬಾರದು ಎನ್ನುವ ಹಾಗೆ ಹೇಳಿದ ಮಾತು.

ತಾಯಮ್ಮನಿಗೆ ಸಿಟ್ಟು ಬರಲಿಲ್ಲ. ಅಂಥ ಮಾತು ಕೇಳಿ ಕೇಳಿ ಅವಳಿಗೆ ರೂಢಿಯಾಗಿತ್ತು. ಆದರೆ ತನ್ನ ತಂಗಿಯ ಮೊಮ್ಮಗಳ ಬಾಯಿಂದ ಕೇಳಿರಲಿಲ್ಲ. ಹೋದ ವರ್ಷ ಇದೇ ಕಟ್ಟೆಯ ಮೇಲೆ ನನ್ನ ತೊಡೆಯಲ್ಲಿ ಕುಳಿತು ಉಂಡಿದ್ದಳು, ಈಗ ಸಾವ್ಕಾರರ ಮನೆಯಲ್ಲಿ ಇರುವವಳು, ಇರಲಿ ಬಿಡು ಎಂದು ನಗುತ್ತಲೇ ಹೇಳಿ, ಲೋಟವನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ಹೋದಳು. ಒಳಗೆ ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ.

ಶರಣಮ್ಮ ಆ ಒದ್ದೆ ಕಲ್ಲನ್ನೇ ನೋಡುತ್ತಿದ್ದಳು. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ. ಅದು ಅವಳ ಕೈ. ಹಮಾಲರ ಹೆಂಡಂದಿರು ಏನಾದರೂ ಕೇಳಲು ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಎದ್ದು ಹೋದ ಮೇಲೆ, ಶರಣಮ್ಮ ಒಂದು ಚೊಂಬು ನೀರು ಹಾಕಿ ಅಂಗೈಯಿಂದ ಹಾಗೆ ತಳ್ಳುತ್ತಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಧೂಳು ಎನ್ನುತ್ತಿದ್ದಳು. ಅದು ಸುಳ್ಳು. ಬ್ಯಾಂಕಿನ ಮ್ಯಾನೇಜರು ಬೂಟುಗಾಲಲ್ಲಿ ಒಳಗೆ ಬಂದು ಹೋದಾಗ ಅವಳು ಒಂದು ಹನಿ ನೀರೂ ಹಾಕಿರಲಿಲ್ಲ. ಅತ್ತೆ ಮಾಡುತ್ತಿದ್ದಳು, ಅವಳನ್ನು ನೋಡಿ ಇವಳೂ ಮಾಡುತ್ತ ಬಂದಳು, ಕೈಗೆ ಹತ್ತಿಬಿಟ್ಟಿತ್ತು. ಈಗ ಹದಿನೈದು ದಿನದಿಂದ ಸೊಂಟ ನೋವು ಎಂದು ಆ ಕೆಲಸ ತಪ್ಪಿತ್ತು, ಯಾಕೆಂದರೆ ಹೇಳದೆಯೇ ಸವಿತಾ ಚೊಂಬು ಹಿಡಿದು ಓಡಿಬರುತ್ತಿದ್ದಳು. ಭಾಳ ಶಾಣ್ಯಾಕಿ ಎಂದು ಶರಣಮ್ಮ ಅವಳ ಗಲ್ಲ ಹಿಂಡಿದ್ದೂ ಉಂಟು.

ಗದ್ದೆಮ್ಮ ಅಕ್ಕನ ಹಿಂದೆ ಒಳಗೆ ಹೋಗಿ, ಅದೇ ಲೋಟದ ಪಾನಕವನ್ನು ತಾನು ಕುಡಿದು ಬಂದಳು.

ಆಲಾಯಿಗೆ ಹೋಗಿ ಜೋಳಿಗೆ ಬರಿದು ಮಾಡಿ, ಲಾಡಿ ಬಿಚ್ಚಿಸಿ, ಮಾನ್ವಿಗೆ ಮರಳಿದರು. ಜೀಪಿನಲ್ಲಿ ಅನು ಒಬ್ಬಳೇ ಮಾತಾಡಿದಳು. ಪಾನಕ ಎಷ್ಟು ಛಲೋ ಇತ್ತು, ಮನೆಯಲ್ಲಿ ಯಾಕೆ ಅಂಥದ್ದು ಮಾಡುವುದಿಲ್ಲ, ಸವಿತಾ ಯಾಕೆ ಕುಡಿಯಲಿಲ್ಲ, ಅವಳಿಗೆ ಬಾಯಾರಿಕೆ ಆಗಿರಲಿಲ್ಲವೇ. ಸವಿತಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಏನೋ ತಪ್ಪಾಗಿದೆ ಎಂದು ಅವಳಿಗೆ ಗೊತ್ತಾಗಿತ್ತು, ಏನು ಎಂದು ಗೊತ್ತಾಗಿರಲಿಲ್ಲ.

ಸಂಜೆ ಶರಣಮ್ಮ ಅವಳನ್ನು ಮಂಡಿಯ ನಡುವೆ ಕೂಡಿಸಿಕೊಂಡು ತಲೆಯೊಳಗಿನ ಊದಿ ತೆಗೆಯಲು ಬಾಚಣಿಕೆ ಹಿಡಿದಳು. ಬೈಯಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದಳು. ಆದರೂ ದನಿ ಗಡುಸಾಗಿಯೇ ಬಂತು.

"ಆ ಕಲ್ಲಿಗೆ ನೀರು ಹಾಕೋದು ಯಾರು ಕಲಿಸಿದ್ರು ನಿನಗ?"

"ಯಾರೂ ಕಲಿಸಿಲ್ರಿ."

"ಮತ್ತ?"

"ನೀವು ಹಾಕ್ತೀರಲ್ರಿ ಅವ್ವಾರೆ." ಸವಿತಾ ಕತ್ತು ತಿರುಗಿಸಿ ಮೇಲೆ ನೋಡಿದಳು. "ನಾ ಈಗ ನಿಮ್ಮನ್ಯಾಗ ಇರಾಕಿ. ಅವರಂಗ ಇಲ್ಲಲ್ರೀ ನಾ."

ಶರಣಮ್ಮನ ಕೈ ಕೂದಲಿನಲ್ಲೇ ನಿಂತಿತು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಬೈಯಲು ಯಾರೂ ಸಿಗಲಿಲ್ಲ. ತಪ್ಪಾಯಿತೇ ಎಂದು ಹುಡುಗಿ ಮೆತ್ತಗೆ ಕೇಳಿದಾಗ, ಇಲ್ಲ ಮಗಳೇ, ನಿಂದೇನೂ ತಪ್ಪಿಲ್ಲ ಎಂದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಬಚ್ಚಲ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಗದ್ದೆಮ್ಮನ ಕೈಯೂ ನಿಂತಿತ್ತು.

ಮರುದಿನ ಮುಂಜಾನೆ ಅನುವನ್ನು ಕರೆದೊಯ್ಯಲು ರಾಯಚೂರಿನಿಂದ ಕಾರು ಬಂತು. ಅದು ಹೋದ ಮೇಲೆ ಗದ್ದೆಮ್ಮ ಎಂದಿನಂತೆ ಅಂಗಳ ಗುಡಿಸಿ, ಪಾತ್ರೆ ತಿಕ್ಕಿ ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಖೋಲಿಯ ಮುಂದೆ ಗಂಟು ಕಟ್ಟಿ ಇಟ್ಟಿದ್ದಳು. ಶರಣಮ್ಮ ಅದನ್ನು ಆಗಲೇ ನೋಡಿದ್ದಳು. ಅದಕ್ಕೇ ಗದ್ದೆಮ್ಮ ಬಾಯಿ ತೆರೆಯುವ ಮೊದಲೇ ತಾನು ಶುರು ಮಾಡಿದಳು. ಇವತ್ತಿನಿಂದ ಆ ಮೆಟ್ಟಿಲಿಗೆ ನೀರು ಹಾಕುವುದಿಲ್ಲ, ಬಸವಣ್ಣನ ಆಣೆ. ಬಂದವರನ್ನೆಲ್ಲ ಒಳಗೆ ಕರೆದು ಚಹಾ ಕೊಡುತ್ತೇನೆ. ಈ ವಯಸ್ಸಿನಲ್ಲಿ ಕೈ ತಿದ್ದಿಕೊಳ್ಳಲು ಬರುವುದಿಲ್ಲ ಎಂದು ತಿಳಿದಿದ್ದೀಯಾ. ಹೇಳುತ್ತ ಹೇಳುತ್ತ ದನಿ ಏರಿತು, ಕೊನೆಗೆ ಅದು ಬೇಡಿಕೊಂಡ ಹಾಗೆಯೂ ಇತ್ತು, ಬೈದ ಹಾಗೆಯೂ ಇತ್ತು.

"ಬಿಡ್ತೀರಿ ಅವ್ವಾರೆ. ನೀವು ಆಣಿ ಮಾಡಿದ್ರ ಬಿಡೋರs," ಎಂದಳು ಗದ್ದೆಮ್ಮ. "ನೀವು ಕೆಟ್ಟೋರಾಗಿದ್ರ ನನಗ ಚಿಂತಿ ಇದ್ದಿಲ್ರಿ. ಬಡಿಯೋರ ಮನ್ಯಾಗ ಇದ್ದಿದ್ರ ಹುಡುಗಿ ಅವರನ್ನ ಬೈಕೋತ ನಮ್ಮಾಕಿ ಆಗೇ ಇರತಿದ್ಲು. ನಿಮ್ಮನ್ನ ಕಂಡ್ರ ಆಕಿಗೆ ಜೀವ. ಅದಕ್ಕs ನಿಮ್ಮಂಗ ಆಗಾಕತ್ಯಾಳ."

"ನನ್ನಂಗ ಆದ್ರ ಏನಾತು? ನಾ ಏನು ಹುಳ ಬಿದ್ದಾಕಿ ಏನು?"

"ನಿಮ್ಮಂಗ ಆದ್ರ ಭಾಳ ಛಲೋ ಆತಿತ್ರಿ. ಆದ್ರ ನಿಮ್ಮಂಗ ಆಗಾಕ ಆಕಿ ಮೊದಲು ನನ್ನ ಕಂಡು ಅಸಹ್ಯ ಪಡಬೇಕಾತದ. ನೀರು ಹಾಕೋದು ನೀವು ಬಿಡಬಹುದು. ಇಷ್ಟು ದೊಡ್ಡ ಮನಿ, ಗಿರಣಿ, ಜೀಪು, ನನ್ನ ಖೋಲಿ, ಆಕಿ ದಿನಾ ನೋಡ್ತಾಳ. ಯಾರೂ ಹೇಳದಿದ್ರೂ ತಾನs ಲೆಕ್ಕ ಹಾಕ್ಕೋತಾಳ."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಶರಣಮ್ಮ ಅದನ್ನು ಇಳಿಸಿದಳು. ಗಬ್ಬೂರಿನಲ್ಲಿ ಯಾರು ಅವಳ ಓದು ನೋಡುತ್ತಾರೆ ಎಂದು ಕೇಳಿದಳು. ಅಲ್ಲಿಯೂ ಸಾಲಿ ಇದೆ, ಮಾಸ್ತರರು ಇದ್ದಾರೆ, ನಾಲ್ಕು ವರ್ಷ ಅಲ್ಲೇ ಕಲಿತವಳು ಎಂದಳು ಗದ್ದೆಮ್ಮ. ನಿನ್ನ ಮೊಣಕಾಲು ನೋವಿಗೆ ಹೊಲದ ಕೆಲಸ ಆಗುತ್ತದೆಯೇ ಎಂದು ಕೇಳಿದಳು. ಆಗುವಷ್ಟು ಮಾಡುತ್ತೇನೆ ಎಂದಳು.

"ಹೋಗು ಹಂಗಾರ," ಎಂದಳು ಶರಣಮ್ಮ. "ನನ್ನ ಮುಂದ ನಿಂದ್ರಬ್ಯಾಡ."

ಗದ್ದೆಮ್ಮ ಖೋಲಿಯ ಕಡೆ ಹೋದ ಕೂಡಲೇ ಶರಣಮ್ಮ ಎದ್ದಳು. ಸವಿತಾಳ ಹೊಸ ಬಟ್ಟೆ, ಪುಸ್ತಕ, ಹಾಸಿಗೆಯ ಚಾದರ, ಕೊಬ್ಬರಿ ಎಣ್ಣೆಯ ಬಾಟಲಿ, ಎಲ್ಲ ಒಂದು ಚೀಲಕ್ಕೆ ತುಂಬಿದಳು. ಗದ್ದೆಮ್ಮನ ಮೊಣಕಾಲಿಗೆಂದು ತನ್ನ ನೋವಿನ ಮುಲಾಮನ್ನೂ ಹಾಕಿದಳು. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಸವಿತಾಳನ್ನು ಹಿಡಿದು ಕೂಡಿಸಿ ಎರಡು ಜಡೆ ಬಿಗಿಯಾಗಿ ಹಾಕಿ, ಮಡಚಿ ಮೇಲೆ ಕಟ್ಟಿದಳು. ಊರಿಗೆ ಹೋಗುವುದು ಎಂದರೆ ಸವಿತಾಳಿಗೆ ಖುಷಿಯೂ ಇತ್ತು, ಅಳುವೂ ಇತ್ತು. ಸಂಜೆ ಪೇಪರು ಯಾರು ಓದುತ್ತಾರೆ ಎಂದು ಕೇಳಿದಳು. ನಾನೇ ಓದಿಕೊಳ್ಳುತ್ತೇನೆ, ನನಗೇನು ಕಣ್ಣಿಲ್ಲವೇ ಎಂದು ಶರಣಮ್ಮ ಗದರಿದಳು. ವಿರೂಪಣ್ಣ ಗಿರಣಿಯಿಂದ ಎದ್ದು ಬಂದು ಗೇಟಿನ ಹತ್ತಿರ ನಿಂತಿದ್ದ. ಜೀಪಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಲೇ ಎಂದು ಕೇಳಿದ. ಬೇಡ್ರಿ ಯಪ್ಪಾ, ನಡೆದು ಹೋಗುತ್ತೇವೆ, ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದಳು ಗದ್ದೆಮ್ಮ.

ಗೇಟಿನಲ್ಲಿ ಗದ್ದೆಮ್ಮ ಶರಣಮ್ಮನ ಕಾಲಿಗೆ ಬಾಗಲು ಹೋದಳು. ಶರಣಮ್ಮ ಅವಳ ಎರಡೂ ತೋಳು ಹಿಡಿದು ಮೇಲೆತ್ತಿದಳು. ಹಿಡಿದವಳು ಬಿಡಲಿಲ್ಲ. ಇಬ್ಬರು ಹೆಂಗಸರೂ ಹಾಗೇ ನಿಂತರು, ಗಿರಣಿಯ ಹೊಟ್ಟು ಗಾಳಿಗೆ ಹಾರಿ ಅವರ ತಲೆಯ ಮೇಲೆ ಬೀಳುತ್ತಿತ್ತು.

"ಪಂಚಮಿಗೆ ಬರ್ತಿ ಇಲ್ಲೋ?"

"ಬರ್ತೀನ್ರಿ ಅವ್ವಾರೆ," ಎಂದಳು ಗದ್ದೆಮ್ಮ, ಹೊರಡುವವರು ಹೇಳುವ ಹಾಗೆ.

ಗಂಟು ತಲೆಯ ಮೇಲಿಟ್ಟು, ಚೀಲ ಹೆಗಲಿಗೆ ಹಾಕಿ, ಮೊಮ್ಮಗಳ ಕೈ ಹಿಡಿದು ನಡೆದಳು. ರಸ್ತೆಯ ತಿರುವಿನಲ್ಲಿ ಸವಿತಾ ಎರಡು ಸಲ ಹಿಂದಿರುಗಿ ನೋಡಿ ಕೈ ಬೀಸಿದಳು. ಗದ್ದೆಮ್ಮ ತಿರುಗಲಿಲ್ಲ.

ನಾಗರ ಪಂಚಮಿಗೆ ಶರಣಮ್ಮ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿದಳು. ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದಳು. ಹಬ್ಬದ ಮುಂಜಾನೆಯಿಂದ ದೇವದುರ್ಗದ ಕಡೆಯ ಬಸ್ಸುಗಳು ಬರುವ ಹೊತ್ತಿಗೆಲ್ಲ ಗೇಟಿನ ಹತ್ತಿರ ಏನೋ ಕೆಲಸ ತೆಗೆದುಕೊಂಡು ನಿಂತಳು. ಗದ್ದೆಮ್ಮ ಬರಲಿಲ್ಲ. ಸಂಜೆ ಉಂಡಿಯ ಡಬ್ಬಿಯನ್ನು ಗಬ್ಬೂರಿಗೆ ಹೋಗುವ ಲಾರಿಯವನ ಕೈಯಲ್ಲಿ ಕೊಟ್ಟು ಕಳಿಸಿ, ಒಳಗೆ ಬಂದು ಚಹಾ ಕುಡಿಯಲು ಕುಳಿತಳು. ಸಕ್ಕರೆ ಕಮ್ಮಿ ಎಂದು ಯಾರಿಗೂ ಹೇಳಲಿಲ್ಲ.